ಜೋಡುಪಾರೆಯ ನಡುವಿನ ಮರಳು

ಆಗಸ್ಟ್ 15, 1999, ಭಾನುವಾರ

ಆಷಾಢ ಕಳೆಯಿತು. ಜಯನ ಹೆಂಡತಿ ತವರಿನಿಂದ ಬಂದಿಳಿದಳು. ಹೋಗುವಾಗ ಒಂದು ಚೀಲ, ಬರುವಾಗ ಎರಡು. ಎರಡನೆಯದು ಗೋಣಿತಾಟಿನದು. ಬಾಯಿಗೆ ಹೊಲಿಗೆ ಬೇರೆ ಹಾಕಿದ್ದಾರೆ. ಆಟೋದಿಂದ ಇಳಿಸುವಾಗ ಜಯನ ಸೊಂಟ ಹಿಡಿದುಕೊಂಡಿತು ಅಂದರೆ ಭಾರ ಎಷ್ಟಿರಬೇಕು.

“ಏನಮ್ಮ ಅದು?” ಅಂದೆ.

“ಎಂತ ಇಲ್ಲ ಅತ್ತೆ. ಊರಿಂದು ಸ್ವಲ್ಪ ಉಂಟು,” ಅಂದಳು.

ಇಲ್ಲ ಅಂತಲೂ ಅಂದಳು, ಉಂಟು ಅಂತಲೂ ಅಂದಳು. ಅದೂ ಒಂದೇ ಉಸಿರಿನಲ್ಲಿ. ಇಂಥವಳನ್ನು ನಂಬುವುದು ಹೇಗೆ?

ಈ ಡೈರಿ ಜಯನ ಫ್ಯಾಕ್ಟರಿಯವರು ಹೊಸ ವರ್ಷಕ್ಕೆ ಕೊಟ್ಟದ್ದು. ಇಷ್ಟು ದಿನ ಖಾಲಿ ಬಿದ್ದಿತ್ತು. ಮನೆಯಲ್ಲಿ ನನ್ನ ಮಾತಿಗೆ ಕಿವಿಗೊಡುವವರು ಇಲ್ಲದ ಮೇಲೆ ಕಾಗದಕ್ಕಾದರೂ ಹೇಳಿಕೊಳ್ಳುತ್ತೇನೆ.

ನನಗಿರುವುದು ಒಬ್ಬನೇ ಮಗ, ಮೃತ್ಯುಂಜಯ. ಇಲ್ಲೇ ಮೈಸೂರಿನ ಹೆಬ್ಬಾಳದಲ್ಲಿ ಕೆಲಸ. ಕಂಪನಿಯವರು ಒಂದು ವರ್ಷ ಮಂಗಳೂರಿನ ಕಡೆಗೆ ಹಾಕಿದ್ದರು. ಅಲ್ಲಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಪ್ರೇಮಲೀಲಾ ಅನ್ನುವವಳನ್ನು ಮೆಚ್ಚಿಕೊಂಡು ಬಂದ. ಮೀನು ಹಿಡಿಯುವವರ ಮನೆಯ ಹುಡುಗಿ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಬೇಡವೆಂದು ಅತ್ತು ಕರೆದೆ, ಊಟ ಬಿಟ್ಟೆ. ಏಪ್ರಿಲ್‌ನಲ್ಲಿ ರಿಜಿಸ್ಟರ್ ಮದುವೆ ಮಾಡಿಕೊಂಡರು.

ಜಯ ಅವತ್ತೇ ಖಂಡಿತವಾಗಿ ಹೇಳಿಬಿಟ್ಟಿದ್ದಾನೆ: “ದಸರಾ ಮುಗಿಯೋವರ್ಗೂ ಒಟ್ಟಿಗಿರ್ತೀವಮ್ಮ. ಆಮೇಲೂ ನಿಂಗೆ ಒಗ್ಗದಿದ್ರೆ ಬನ್ನಿಮಂಟಪದ ಕಡೆ ಬೇರೆ ಮನೆ ಮಾಡ್ಕೋತೀವಿ.”

ಮಗ ಬೇರೆ ಹೋದರೆ ನಾನು ಬದುಕಿರಲಾರೆ. ಅವಳು ಎಂಥವಳು ಎಂದು ಅವನ ಕಣ್ಣಿಗೆ ಕಾಣಿಸಬೇಕು. ಅದಕ್ಕೆ ದಸರಾವರೆಗೆ ಸಮಯವಿದೆ.

ಆಗಸ್ಟ್ 16

ಅವಳು ಸ್ನಾನಕ್ಕೆ ಹೋದಾಗ ಚೀಲದ ಬಾಯಿ ಬಿಚ್ಚಿ ಮೂಗಿಟ್ಟು ನೋಡಿದೆ. ಒಣಮೀನು ಇರುತ್ತದೆ ಎಂದೇ ಅಂದುಕೊಂಡಿದ್ದೆ. ಇಲ್ಲ. ಉಪ್ಪುಪ್ಪು ವಾಸನೆ. ಕೈ ಹಾಕಿದರೆ ಮರಳು, ಚಿಪ್ಪು, ಕರೀ ಕಲ್ಲುಗಳು.

ಕಲ್ಲುಮಣ್ಣು ಹೊತ್ತು ಮುನ್ನೂರು ಕಿಲೋಮೀಟರ್ ಬರುವವರು ಯಾರು? ಮಂತ್ರಿಸಿದ್ದಾರೆಯೇ? ಮೀನಾಗಿದ್ದರೆ ವಾಸಿಯಿತ್ತು, ಜಯನನ್ನು ಕರೆದು ತೋರಿಸಬಹುದಿತ್ತು. ಕಲ್ಲನ್ನು ತೋರಿಸಿ ಏನು ಹೇಳಲಿ?

ಮೊದಲಿದ್ದ ಹಾಗೇ ಹೊಲಿದಿಟ್ಟೆ. ನನ್ನ ಹೊಲಿಗೆ ಸ್ವಲ್ಪ ಜಾಸ್ತಿಯೇ ಚೆನ್ನಾಗಿ ಬಂತು. ಸಂಜೆ ಅವಳು ಆ ಚೀಲದ ಮುಂದೆ ಒಂದು ಗಳಿಗೆ ನಿಂತು, ಹೊಲಿಗೆಯ ಮೇಲೆ ಬೆರಳಾಡಿಸಿ ಒಳಗೆ ಹೋದಳು. ಗೊತ್ತಾಯಿತೇನೋ.

ಆಗಸ್ಟ್ 26, ನೂಲಹುಣ್ಣಿಮೆ

ಇದನ್ನು ಬರೆಯಲೇಬೇಕು. ಅವಳು ಪಂಚಾಂಗ ನೋಡುತ್ತಾಳೆ! ಲಿಂಗಪೂಜೆ ಇಲ್ಲ, ಏಕಾದಶಿ ಇಲ್ಲ, ಸೋಮವಾರ ಇಲ್ಲ. ಪಂಚಾಂಗ ಯಾಕೆ? ಹುಣ್ಣಿಮೆ ಅಮಾವಾಸ್ಯೆ ಯಾವತ್ತು ಎಂದು ಬೆರಳಿಟ್ಟು ಹುಡುಕುತ್ತಾಳೆ. ಇವತ್ತು ಹುಣ್ಣಿಮೆ ಎಂದು ಖಾತ್ರಿ ಮಾಡಿಕೊಂಡು, ಸಂಜೆ ಎಸ್‌ಟಿಡಿ ಬೂತಿಗೆ ಹೊರಟಳು. ನಾನೂ ಕೊತ್ತಂಬರಿ ಸೊಪ್ಪು ತರುವ ನೆಪ ಮಾಡಿ ಹಿಂದೆಯೇ ಹೋದೆ. ಬೂತಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

“ಸಮುದ್ರ ಪೂಜೆ ಆಯ್ತಾ ಅಮ್ಮ? ನೀರು ಎಷ್ಟು ಇಳಿದಿತ್ತು? ಚಿಕ್ಕದಕ್ಕೆ ನಡ್ಕೊಂಡೇ ಹೋದ್ರಾ? ಏರುವ ಮುಂಚೆ ವಾಪಸ್ ಬಂದ್ಬಿಡಿ ಮಾರಾಯ್ರೆ.”

ನೀರು ಇಳಿಯಿತೇ, ಚಿಕ್ಕದಕ್ಕೆ ಹೋದಿರೇ, ಏರುವ ಮುಂಚೆ ಬನ್ನಿ. ಇದೆಲ್ಲ ಒಳಗಿನ ಗುಟ್ಟಿನ ಮಾತು, ಸಂಶಯವೇ ಇಲ್ಲ. ಈಗ ಶ್ರಾವಣ. ಕೆಆರ್‌ಎಸ್ ತುಂಬಿ ಗೇಟು ತೆಗೆದಿದ್ದಾರೆ ಎಂದು ಪೇಪರಿನಲ್ಲಿ ಬಂದಿದೆ. ಇಂಥ ಹೊತ್ತಿನಲ್ಲಿ ಎಲ್ಲಿಯ ನೀರು ಇಳಿಯುತ್ತದೆ?

ಇವರ ಹತ್ತಿರ, ಅಂದರೆ ಜಯನ ತಂದೆಯ ಹತ್ತಿರ, ಹೇಳಿದೆ. “ಸುಮ್ನಿರು ಕಣೇ ಮಂಜುಳಾ. ಮಗು ಅವರಮ್ಮನ್ ಜೊತೆ ಮಾತಾಡ್ತು. ಅದ್ರಲ್ಲೇನು?” ಅಂದು ಪೇಪರು ಮಡಚಿ ವಾಕಿಂಗ್ ಹೊರಟರು. ಗಂಡಸರಿಗೆ ಮನೆಗೆ ಬೆಂಕಿ ಬಿದ್ದರೂ ವಾಕಿಂಗ್ ತಪ್ಪಬಾರದು.

ಸೆಪ್ಟೆಂಬರ್ 9, ಅಮಾವಾಸ್ಯೆ

ಇವತ್ತು ಮತ್ತೆ ಬೂತು. ಹುಣ್ಣಿಮೆಗೊಂದು, ಅಮಾವಾಸ್ಯೆಗೊಂದು. ನನಗೆ ತಡೆಯಲಾಗಲಿಲ್ಲ. ಹಿಟ್ಟು ನಾದುತ್ತಿದ್ದವಳನ್ನು ಕೇಳಿಯೇಬಿಟ್ಟೆ: “ಅದೇನಮ್ಮ ಚಿಕ್ಕದು, ದೊಡ್ಡದು?”

ಅವಳು ಹೆದರುತ್ತಾಳೆ ಅಂದುಕೊಂಡಿದ್ದೆ. ಮುಖ ಅರಳಿತು. “ಜೋಡುಪಾರೆ ಅತ್ತೆ! ನಮ್ಮ ಮನೆ ಎದುರು ಕಡಲಲ್ಲಿ ಉಂಟು. ದ್ವೀಪ. ದೋಣಿಯಲ್ಲಿ ಕಾಲು ಗಂಟೆ.”

ಆಮೇಲೆ ನೋಡಿ, ನಾಲ್ಕು ತಿಂಗಳಿನಿಂದ ತೂಕ ಮಾಡಿ ಮಾತಾಡುತ್ತಿದ್ದವಳು ನಿಲ್ಲಿಸಲೇ ಇಲ್ಲ. ದೊಡ್ಡ ಪಾರೆ ಒಂದು, ಚಿಕ್ಕ ಪಾರೆ ಒಂದು. ದೊಡ್ಡದು ನಮ್ಮ ವಿದ್ಯಾರಣ್ಯಪುರಂನ ನಾಲ್ಕು ಬೀದಿ ಸೇರಿಸಿದಷ್ಟು. ಊರಿನ ಕಡೆಯ ದಡದಲ್ಲಿ ಬಿಳೀ ಮರಳು. ಚಿಪ್ಪು ಪುಡಿಯಾಗಿ ಆದ ಮರಳಂತೆ, ಬರಿಗಾಲಿಗೆ ಚುಚ್ಚುತ್ತದಂತೆ. ಪಡುವಣ ಬದಿ ಪೂರ್ತಿ ಕರಿಬಂಡೆ, ತೆರೆ ಹೊಡೆದು ಹೊಡೆದು ಮೆಟ್ಟಿಲು ಬಿದ್ದಿದೆ. ನಡುವೆ ತೆಂಗಿನ ಮರಗಳು, ಯಾರೂ ನೆಟ್ಟದ್ದಲ್ಲ, ತೇಲಿ ಬಂದ ಕಾಯಿ ಮೊಳೆತದ್ದು. ಗಾಳಿ ಪಡುವಣದಿಂದ ಬೀಸಿ ಬೀಸಿ ಎಲ್ಲವೂ ಊರ ಕಡೆಗೆ ಬಾಗಿವೆ. ಅಂಚಿನಲ್ಲಿ ಮುಳ್ಳೆಲೆಯ ಮುಂಡುಗದ ಪೊದೆ. ಮರಳಿನ ಮೇಲೆ ನೇರಳೆ ಹೂವಿನ ಬಳ್ಳಿ. ಬಂಡೆಯ ಗುಳಿಗಳಲ್ಲಿ ನಿಂತ ನೀರಿನಲ್ಲಿ ಹೂವಿನ ಹಾಗೆ ಅರಳಿಕೊಂಡಿರುವ ಏನೋ ಒಂದು ಪ್ರಾಣಿ, ಬೆರಳು ತಾಗಿಸಿದರೆ ಮುದುಡಿಕೊಳ್ಳುತ್ತದೆ.

ನಾನೂ ಬಿಡಲಿಲ್ಲ, ಅಡ್ಡ ಪ್ರಶ್ನೆ ಹಾಕಿದೆ.

“ಕುಡಿಯೋ ನೀರು?”

“ಇಲ್ಲ ಅತ್ತೆ. ಮನೆಯಿಂದಲೇ ತಕೊಂಡು ಹೋಗ್ಬೇಕು.”

“ಹಾವು ಗೀವು?”

“ಕಡಲ ಹಾವು ಉಂಟು. ಪಾಪದ್ದು, ಮೇಲೆ ಬರುವುದಿಲ್ಲ.”

“ದೊಡ್ಡದ್ರಿಂದ ಚಿಕ್ಕದಕ್ಕೆ ಎಂಗೋಗ್ತೀರಿ?”

“ನಡ್ಕೊಂಡೇ. ನೀರು ಇಳಿದಾಗ ನಡುವೆ ಮರಳ ದಾರಿ ಬಿಡ್ತದೆ. ಅಮ್ಮನವರೆಲ್ಲ ಆಗ ಚಿಪ್ಪು ಆರಿಸ್ಲಿಕ್ಕೆ ಹೋಗುವುದು.”

ಒಂದೊಂದನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಸುಳ್ಳು ಹೇಳುವವರು ಎರಡನೇ ಸಲ ಹೇಳುವಾಗ ಎಡವುತ್ತಾರೆ. ವಾರ ಬಿಟ್ಟು ಮತ್ತೆ ಕೇಳುತ್ತೇನೆ.

ಸೆಪ್ಟೆಂಬರ್ 20

ಮತ್ತೆ ಕೇಳಿದೆ. ಎಡವಲಿಲ್ಲ. ಬದಲಿಗೆ ಹೊಸದೊಂದು ಹೇಳಿದಳು. ಬೆಳಗ್ಗೆ ಹೋದರೆ ಕಡಲೆಕಾಳಿನಷ್ಟು ಏಡಿಗಳು ಮರಳನ್ನು ತಿಂದು ಉಂಡೆ ಕಟ್ಟಿ ತಮ್ಮ ತೂತಿನ ಸುತ್ತ ಜೋಡಿಸಿರುತ್ತವಂತೆ, ರಂಗೋಲಿ ಹಾಕಿದ ಹಾಗೆ. ನೀರು ಬಂದು ಅಳಿಸುತ್ತದಂತೆ. ಮತ್ತೆ ಹಾಕುತ್ತವಂತೆ. ಅದನ್ನು ಕೇಳಿ ನನಗೂ ಸ್ವಲ್ಪ ನಗು ಬಂತು. ತಕ್ಷಣ ಸುಧಾರಿಸಿಕೊಂಡೆ. ಹೀಗೇ ಮಾತಾಡಿಯೇ ಜಯನನ್ನು ಮರುಳು ಮಾಡಿರಬೇಕು.

ಇವತ್ತು ಒಳ್ಳೆಯ ಸಾಕ್ಷಿ ಸಿಕ್ಕಿತು. ಎದುರು ಮನೆ ಸುಮಿತ್ರಮ್ಮನ ಭಾವ ಆ ಕಡೆಯೇ ಬ್ಯಾಂಕಿನಲ್ಲಿ ಮ್ಯಾನೇಜರು. ಈ ವರ್ಷದ ಮೊದಲಲ್ಲಿ ಸುಮಿತ್ರಮ್ಮ ಹೋಗಿದ್ದಾಗ ದೋಣಿಯಲ್ಲಿ ಇದೇ ಜೋಡುಪಾರೆಗೆ ಕರೆದುಕೊಂಡು ಹೋಗಿದ್ದರಂತೆ. ಚಿತ್ರಾನ್ನ ಕಟ್ಟಿಕೊಂಡು ಹೋಗಿ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲಿದ್ದರು.

“ದೊಡ್ಡದ್ರಿಂದ ಚಿಕ್ಕದಕ್ಕೆ ನಡ್ಕೊಂಡು ಹೋಗ್ಬೋದಾ ಸುಮಿತ್ರಮ್ಮ?”

“ನಡ್ಕೊಂಡಾ? ಅಯ್ಯೋ, ಮಧ್ಯದಲ್ಲಿ ಸೊಂಟದುದ್ದ ನೀರು ಕಣ್ರೀ. ನಮ್ಮ ಭಾವ ಇಳೀಬೇಡಿ ಅಂತ ಬಯ್ದ್ರು. ಇಡೀ ದಿನ ಇದ್ವಲ್ಲ, ದಾರಿ ಗೀರಿ ಏನೂ ಇಲ್ಲ.”

ಸಿಕ್ಕಿಬಿದ್ದಳು. ಆದರೆ ಈಗಲೇ ಹೇಳುವುದಿಲ್ಲ. ಹೊತ್ತು ನೋಡಿ ಹೇಳುತ್ತೇನೆ.

ಅಕ್ಟೋಬರ್ 4

ಗೊಂಬೆ ಪೆಟ್ಟಿಗೆ ಅಟ್ಟದಿಂದ ಇಳಿಸಿದ್ದಾಯಿತು. ನಮ್ಮ ಬೀದಿಯಲ್ಲಿ ಗೊಂಬೆ ನೋಡುವುದೆಂದರೆ ಮೊದಲು ನಮ್ಮ ಮನೆಗೇ ಬರುತ್ತಾರೆ. ಕೆಳಗಿನ ಮೆಟ್ಟಿಲ ಮುಂದೆ ರಾಗಿ ಪೈರು ಬೆಳೆಸಿ ಚಾಮುಂಡಿ ಬೆಟ್ಟ ಮಾಡುತ್ತೇನೆ, ನಂದಿ, ಮೆಟ್ಟಿಲು ಎಲ್ಲ ಸಮೇತ. ಮದುವೆಯಾದ ಹೆಣ್ಣು ತವರಿನಿಂದ ಪಟ್ಟದ ಗೊಂಬೆ ತರುವುದು ನಮ್ಮಲ್ಲಿ ಪದ್ಧತಿ. ಇವಳೆಲ್ಲಿ ತರುತ್ತಾಳೆ?

ಕೇಳಬಾರದೆಂದಿದ್ದೆ, ಬಾಯಿ ತಪ್ಪಿ ಬಂತು. ಅವಳು ತಲೆ ತಗ್ಗಿಸಿಕೊಂಡು ಹೇಳಿದಳು: “ನಮ್ಮಲ್ಲಿ ಗೊಂಬೆ ಕೂರಿಸುವುದು ಇಲ್ಲ ಅತ್ತೆ. ಆದ್ರೆ ನೀವು ಕೂರಿಸ್ತೀರಿ ಅಂತ ಇವ್ರು ಹೇಳಿದ್ರು. ತವರಿನದ್ದು ಅಂತ ಇಡ್ಲಿಕ್ಕೆ ಆಷಾಢದಲ್ಲೇ ತಂದಿಟ್ಟಿದ್ದೇನೆ. ಜೋಡುಪಾರೆಯದ್ದೇ ಕಲ್ಲು, ಮರಳು. ಒಂದು ಮೂಲೆಯಲ್ಲಿ ಮಾಡ್ಲಾ?”

ಆ ಚೀಲ ಇದಕ್ಕೇ ಅಂತೆ. ಮನಸ್ಸಿಗೆ ಒಂದು ಥರ ಆಯಿತು. ಆದರೂ ಪೂರ್ತಿ ನಂಬಲಿಲ್ಲ. “ಮಾಡ್ಕೋ,” ಅಂದೆ.

ಅಕ್ಟೋಬರ್ 10, ನವರಾತ್ರಿ ಮೊದಲ ದಿನ

ಗೊಂಬೆ ಕೂರಿಸಿದೆವು. ಅವಳ ದ್ವೀಪ ನನ್ನ ಬೆಟ್ಟದ ಪಕ್ಕದಲ್ಲಿ. ಅವಳು ಮಾಡುವಾಗೆಲ್ಲ ನಾನು ಅಲ್ಲೇ ಬತ್ತಿ ಹೊಸೆಯುತ್ತಾ ಕುಳಿತಿದ್ದೆ, ನೋಡುವುದಕ್ಕಲ್ಲ, ಕಾಯುವುದಕ್ಕೆ. ಮುಂಡುಗದ ಪೊದೆಗೆ ಅನಾನಸಿನ ಜುಟ್ಟು ಕತ್ತರಿಸಿ ನೆಟ್ಟಳು. ತೆಂಗಿಗೆ ಪೊರಕೆ ಕಡ್ಡಿ. ಒಂದೊಂದು ಮರವನ್ನೂ ಒಂದೇ ಕಡೆಗೆ ಬಾಗಿಸಿದಳು. ಒಂದು ನೆಟ್ಟಗೆ ನಿಂತಿತ್ತು, “ಅದು ಗಾಳಿಗೆ ಬಾಗಿಲ್ವಲ್ಲ,” ಎಂದು ನಾನೇ ಹೇಳಬೇಕಾಯಿತು. ಪಡುವಣಕ್ಕೆ ಕರೀಕಲ್ಲು, ಇತ್ತ ಬಿಳೀ ಮರಳು. ಎರಡು ಪಾರೆಗಳ ನಡುವೆ ಮರಳಿನ ಒಂದು ಗೆರೆ ಎಳೆದಳು.

ಆ ಗೆರೆಯನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಅಕ್ಟೋಬರ್ 14, ಗುರುವಾರ

ಇದನ್ನೂ ಬರೆಯುತ್ತೇನೆ. ನಾನು ಮಾಡಿದ್ದರಲ್ಲಿ ತಪ್ಪೇನಿಲ್ಲ.

ಸಂಜೆ ಬೀದಿಯ ಹೆಂಗಸರೆಲ್ಲ ಕುಂಕುಮಕ್ಕೆ ಬಂದಿದ್ದರು. ಬಂದವರು ನೇರ ದ್ವೀಪದ ಮುಂದೆ. ಬೆಟ್ಟದ ಕಡೆ ಒಬ್ಬರೂ ತಿರುಗಲಿಲ್ಲ. ಅವಳು ಮಂಡಿಯೂರಿ ಕುಳಿತು ಎಲ್ಲರಿಗೂ ತೋರಿಸುತ್ತಿದ್ದಳು, ಇದು ಗಾಳಿ ಬರುವ ದಿಕ್ಕು, ಇದು ದೋಣಿ ನಿಲ್ಲುವ ಕಡೆ, ಇದು ಮರಳ ದಾರಿ. ಸುಮಿತ್ರಮ್ಮನೂ ಇದ್ದರು. ಹೊತ್ತು ಬಂತು ಅನ್ನಿಸಿತು.

“ನಡ್ಕೊಂಡ್ ಹೋಗ್ಬೋದು ಅಂತೀಯಲ್ಲಮ್ಮ, ಸುಮಿತ್ರಮ್ಮ ಕಣ್ಣಾರೆ ನೋಡ್ಬಂದವ್ರೆ. ಅಲ್ಲಿ ಸೊಂಟದುದ್ದ ನೀರಂತೆ. ಯಾರ್ ಹೇಳೋದು ನಿಜ?”

ಅವಳು ತಬ್ಬಿಬ್ಬಾದಳು. “ಎರಡೂ ನಿಜ ಅತ್ತೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರ್ತದೆ, ಎರಡು ಸಲ ಇಳೀತದೆ.”

“ದಿನಕ್ಕೆರಡು ಸಲವಾ? ನಮ್ಮ ಕಾರ್ಪೊರೇಷನ್ ಕೊಳಾಯಿ ಥರ ಅನ್ನು!” ಎಂದರು ಮೂಲೆಮನೆಯವರು. ಎಲ್ಲರೂ ಗೊಳ್ಳೆಂದು ನಕ್ಕರು.

“ನಾವು ಇಡೀ ದಿನ ಇದ್ವಲ್ಲಮ್ಮ, ಇಳೀಲಿಲ್ಲ,” ಅಂದರು ಸುಮಿತ್ರಮ್ಮ.

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. “ಇಷ್ಟು ಸಣ್ಣದ್ರಲ್ಲೇ ಸುಳ್ ಹೇಳೋಳು ದೊಡ್ಡದ್ರಲ್ಲಿ ಬುಟ್ಟಾಳಾ?” ಅಂದೆ.

ನಗು ನಿಂತುಹೋಯಿತು. ಅವಳು ಎದ್ದು, ಬಂದವರಿಗೆಲ್ಲ ಚರ್ಪಿನ ತಿಂಡಿ ಹಂಚಿದಳು. ಒಬ್ಬರನ್ನೂ ಬಿಡಲಿಲ್ಲ. ನನಗೂ ಕೊಟ್ಟಳು. ಕಣ್ಣು ತುಂಬಿತ್ತು, ಕೆಳಗೆ ಬೀಳಿಸಲಿಲ್ಲ.

ಅಕ್ಟೋಬರ್ 15

ಬೆಳಗ್ಗೆ ಏಳುವಷ್ಟರಲ್ಲಿ ದ್ವೀಪ ಇಲ್ಲ. ಒಂದು ಕಾಳು ಮರಳನ್ನೂ ಬಿಡದೆ ಗುಡಿಸಿದ್ದಾಳೆ.

ಜಯ ಶೂ ಹಾಕಿಕೊಳ್ಳುತ್ತಾ ನನ್ನ ಮುಖ ನೋಡದೆ ಹೇಳಿದ: “ಬನ್ನಿಮಂಟಪದ ಮನೆ ಇವತ್ತೇ ಮಾತಾಡ್ಬರ್ತೀನಿ. ಕಾರ್ತಿಕದಲ್ಲಿ ಹೋಗ್ತೀವಿ.”

ಅಕ್ಟೋಬರ್ 20

ನಿನ್ನೆ ವಿಜಯದಶಮಿ. ಗೊಂಬೆ ಎತ್ತಿಟ್ಟೆ. ದ್ವೀಪ ತೆಗೆದ ಮೇಲೆ ಬಂದ ಮಕ್ಕಳೆಲ್ಲ “ಅಜ್ಜಿ, ಸಮುದ್ರ ಎಲ್ಲಿ?” ಅಂತಲೇ ಕೇಳಿದವು. ಆ ಜಾಗಕ್ಕೆ ಪ್ಲಾಸ್ಟಿಕ್ ಜಿರಾಫೆ ಇಟ್ಟು ನೋಡಿದೆ, ಸರಿಹೋಗಲಿಲ್ಲ.

ಇವತ್ತು ಅವಳು ಊರಿಗೆ ಹೊರಟಳು. ಚೀಲ ಹೊಲಿದುಕೊಂಡು ಹೊತ್ತುಕೊಂಡೇ ಹೋದಳು. ನನ್ನ ಕಾಲಿಗೆ ನಮಸ್ಕಾರ ಮಾಡಿ “ಹೋಗಿ ಬರ್ತೇನೆ ಅತ್ತೆ” ಅಂದಳು. ಎಲ್ಲಿಗೆ ಬರುತ್ತಾಳೆ, ಇಲ್ಲಿಗೋ, ಬನ್ನಿಮಂಟಪಕ್ಕೋ?

ಅಕ್ಟೋಬರ್ 22

ಜಯ ಮಾತಾಡುತ್ತಿಲ್ಲ. ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಅದನ್ನೂ ಹೇಳದೆ ತಿಂದೆದ್ದ.

ಅಕ್ಟೋಬರ್ 25

ಸುಮಿತ್ರಮ್ಮ ಬಂದಿದ್ದರು. ನನ್ನನ್ನು ಸಮಾಧಾನ ಮಾಡಲಿಕ್ಕೆ ಅಂತ ಬಂದು, ಆ ದ್ವೀಪದ ಮಾತನ್ನೇ ಎತ್ತಿದರು. “ನಂಗೆ ಚೆನ್ನಾಗ್ ಜ್ಞಾಪಕ ಇದೆ ಕಣ್ರೀ. ರಥಸಪ್ತಮಿ ಸ್ನಾನ ಉಡುಪಿಯಲ್ಲಿ ಮಾಡಿ, ಮಾರನೇ ದಿನವೇ ಹೋಗಿದ್ದು.”

ಇವರು ಪೇಪರಿನಿಂದ ತಲೆ ಎತ್ತಿದರು. “ಅಂದ್ರೆ ಅಷ್ಟಮಿ,” ಅಂದರು.

“ಅಷ್ಟಮಿಯಾದ್ರೇನ್ರೀ?”

“ಅಷ್ಟಮಿ ದಿನ ಸಮುದ್ರ ಏರೋದೂ ಕಮ್ಮಿ, ಇಳಿಯೋದೂ ಕಮ್ಮಿ. ಅಮಾವಾಸ್ಯೆ ಹುಣ್ಣಿಮೆಗೆ ಸೂರ್ಯ ಚಂದ್ರ ಎರಡೂ ಸೇರಿ ಎಳೀತವೆ, ಆಗ ದೂರ ಇಳಿಯುತ್ತೆ. ಹೈಸ್ಕೂಲಲ್ಲಿ ಮೇಷ್ಟ್ರು ಹೇಳಿದ್ರು. ಸಮುದ್ರ ಅಂದ್ರೆ ಕೆಆರ್‌ಎಸ್ ಅಲ್ಲ ಕಣೇ, ಮಳೆ ಬಂದ್ರೆ ತುಂಬಿ ಬೇಸಿಗೇಲಿ ಬತ್ತೋಕೆ.”

“ಮೊದ್ಲೇ ಯಾಕ್ರೀ ಹೇಳ್ಲಿಲ್ಲ?”

“ನಾನು ಮನೇಲಿದ್ನಾ? ನೀನು ಕೇಳಿದ್ಯಾ?”

ನನಗೆ ತಿಥಿ ಗೊತ್ತಿಲ್ಲವೇ? ಬೆಳಗಾದರೆ ಪಂಚಾಂಗ ನೋಡುವವಳು ನಾನು. ಉಪವಾಸಕ್ಕೆ, ವ್ರತಕ್ಕೆ, ಎಣ್ಣೆ ಸ್ನಾನಕ್ಕೆ ನೋಡಿದೆ. ಅದೇ ಪಂಚಾಂಗವನ್ನು ಅವಳು ನೀರಿಗಾಗಿ ನೋಡುತ್ತಿದ್ದಳು. ಅವರಮ್ಮ ಆ ದಿನ ಮರಳ ಮೇಲೆ ನಡೆಯುತ್ತಾಳೆ ಎಂದು ಅವತ್ತೇ ಫೋನು ಮಾಡುತ್ತಿದ್ದಳು.

ನಿನ್ನೆ ಹುಣ್ಣಿಮೆಯಾಗಿತ್ತು. ಅವಳೂ ಅಲ್ಲಿಗೆ ಹೋಗಿರಬಹುದು. ಒಬ್ಬಳೇ ಹೋಗದಿದ್ದರೆ ಸಾಕು. ನೀರು ಬೇಗ ಏರುತ್ತದಂತೆ.

ನವೆಂಬರ್ 3

ಸುಮಿತ್ರಮ್ಮನ ಮನೆಗೆ ಫೋನು ಬಂತು. ಬೀಗಿತ್ತಿಯೇ ಮಾತಾಡಿದರು. ಅಳಿಯನ ಮೊದಲ ದೀಪಾವಳಿ, ನೀವೆಲ್ಲರೂ ಬರಲೇಬೇಕು ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಅನುಮಾನ. ಮಗಳು ಎಲ್ಲ ಹೇಳಿರಬೇಕು. ಕರೆಸಿಕೊಂಡು ಅವರ ಜನರೆಲ್ಲರ ಮುಂದೆ ನನಗೆ ಮಂಗಳಾರತಿ ಮಾಡುವ ಯೋಚನೆ. ನಾನು ಮಾಡಿದ್ದೂ ಅದನ್ನೇ ತಾನೆ?

ಇವರು ಬ್ಯಾಗು ತುಂಬುತ್ತಿದ್ದಾರೆ. ಹೋಗುತ್ತೇನೆ. ಏನು ಅನ್ನುತ್ತಾರೋ ಅನ್ನಲಿ.

ನವೆಂಬರ್ 8, ಅಮಾವಾಸ್ಯೆ

ಬೀಗರ ಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಂದು ಮೂರು ದಿನವಾಯಿತು. ಮೊದಲ ದಿನ ಅಡುಗೆಮನೆಯನ್ನೆಲ್ಲ ಕಣ್ಣಲ್ಲೇ ಜಾಲಾಡಿದೆ. ನಮಗೆಂದು ಹಿತ್ತಿಲಲ್ಲಿ ಬೇರೆ ಒಲೆ ಹೂಡಿದ್ದರು. ಹೊಸ ಪಾತ್ರೆಗಳು ಅಂದರು. ನಿಜವೋ ಎಂದು ಯಾರೂ ಇಲ್ಲದಾಗ ತಟ್ಟೆ ತಿರುಗಿಸಿ ನೋಡಿದೆ, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ನಾವು ಬಂದಾಗಿನಿಂದ ಮನೆಯವರು ಯಾರೂ ಮೀನು ಮುಟ್ಟಿಲ್ಲ ಎಂದು ನೆರೆಯಾಕೆ ಬಾಯಿ ತಪ್ಪಿ ಹೇಳಿದಳು. ಪ್ರೇಮಲೀಲಾ ಹೊತ್ತು ಹೊತ್ತಿಗೆ ಬಡಿಸುತ್ತಾಳೆ, “ಇನ್ನೂ ಸ್ವಲ್ಪ ಹಾಕ್ಲಾ ಅತ್ತೆ?” ಅನ್ನುತ್ತಾಳೆ, ಅಷ್ಟೇ. ಏಡಿಯ ಕಥೆ ಹೇಳುತ್ತಿದ್ದವಳು ಅವಳಲ್ಲ.

ಇವತ್ತು ಮಧ್ಯಾಹ್ನದ ಮೇಲೆ ಜೋಡುಪಾರೆಗೆ ಹೋದೆವು. ಬೀಗರೇ ದೋಣಿ ನಡೆಸಿದರು. ಇವರು, ಜಯ ಮುಂದೆ. ನಾನು ನಡುವೆ, ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡು. ನಾನು ಸಮುದ್ರ ನೋಡಿದ್ದೇ ಈ ಸಲ. ಕುಕ್ಕರಹಳ್ಳಿ ಕೆರೆಗೆ ಆಚೆ ದಡ ಇದೆ. ಇದಕ್ಕೆ ಇಲ್ಲ. ಹೆದರಿಕೆಯಾಯಿತು.

ಇಳಿದ ಮೇಲೆ ನಾನು ಸುಮ್ಮನೆ ನೋಡಲಿಲ್ಲ, ಒಂದೊಂದನ್ನೂ ತಾಳೆ ನೋಡಿದೆ. ಚಪ್ಪಲಿ ಬಿಟ್ಟು ನಿಂತೆ, ಮರಳು ಚುಚ್ಚಿತು. ತೆಂಗಿನ ಮರಗಳು ಊರ ಕಡೆಗೆ ಬಾಗಿದ್ದವು. ನೇರಳೆ ಹೂ ಮಾತ್ರ ಆ ಹೊತ್ತಿಗೆ ಬಾಡಿತ್ತು, ಬೆಳಗ್ಗೆ ಅರಳುತ್ತದಂತೆ. ಪಡುವಣ ಬದಿಗೆ ಹೋದರೆ ಕರಿಬಂಡೆಯ ಮೇಲೆ ತೆರೆ ಬಂದು ಒಡೆಯುವ ಸದ್ದಿಗೆ ನನ್ನ ಮಾತು ನನಗೇ ಕೇಳಲಿಲ್ಲ. ಒಂದು ಗುಳಿಯಲ್ಲಿ ಆ ಹೂವಿನಂಥ ಪ್ರಾಣಿ ಇತ್ತು. ಬೆರಳು ತಾಗಿಸಿದೆ, ಮುದುಡಿಕೊಂಡಿತು. ಇನ್ನೊಮ್ಮೆ ಅರಳುವವರೆಗೆ ಅಲ್ಲೇ ಕುಳಿತಿದ್ದೆ. ಇವರು ಬಂದು ಕರೆಯಬೇಕಾಯಿತು.

ಅಷ್ಟರಲ್ಲಿ ನೀರು ಇಳಿಯತೊಡಗಿತ್ತು. ನೋಡುತ್ತಾ ನಿಂತಿದ್ದರೆ ಗೊತ್ತಾಗುವುದಿಲ್ಲ. ಬೇರೆ ಕಡೆ ತಿರುಗಿ ಮತ್ತೆ ನೋಡಿದಾಗ ಎರಡು ಪಾರೆಗಳ ನಡುವೆ ಮರಳಿನ ಬೆನ್ನು ಎದ್ದಿತ್ತು. ಇನ್ನೊಂದಿಷ್ಟು ಹೊತ್ತಿಗೆ ಅದು ದಾರಿಯಾಯಿತು. ಬೇರೆ ದೋಣಿಯಲ್ಲಿ ಬಂದಿದ್ದ ಊರ ಹೆಂಗಸರು ಬುಟ್ಟಿ ಹಿಡಿದುಕೊಂಡು, ಸೀರೆ ಎತ್ತಿ ಕಟ್ಟಿ, ಮಾತಾಡುತ್ತಾ ಅದರ ಮೇಲೆ ನಡೆದು ಬಂದರು. ನನ್ನನ್ನು ಕಂಡು ಸುತ್ತ ನಿಂತರು.

ಈಗ ಶುರುವಾಗುತ್ತದೆ ಅಂದುಕೊಂಡೆ.

“ಇವರೇ ಅಲ್ವಾ ಮೈಸೂರಿನವರು?” ಅಂದಳು ಒಬ್ಬಾಕೆ ಬೀಗಿತ್ತಿಯ ಕಡೆ ತಿರುಗಿ. “ನಮ್ಮ ಪಾರೆಯನ್ನು ದಸರಾದಲ್ಲಿ ದೇವರ ಜೊತೆ ಕೂರಿಸಿದವರು?”

“ಇವರೇ,” ಅಂದರು ಬೀಗಿತ್ತಿ, ಹೆಮ್ಮೆಯಿಂದ. “ಒಂಬತ್ತು ದಿನ ಇಟ್ಟಿದ್ರಂತೆ. ನಮ್ಮ ಹುಡುಗಿಗೆ ಕೈ ಹಾಕ್ಲಿಕ್ಕೂ ಬಿಡದೆ ಅತ್ತೆಯೇ ಕಟ್ಟಿದ್ದಂತೆ. ಬಂದವರಿಗೆಲ್ಲ ಅತ್ತೆಯೇ ನಿಂತು ತೋರಿಸಿದ್ರಂತೆ, ‘ಇದು ನನ್ನ ಸೊಸೆಯ ತವರು’ ಅಂತ. ಊರಿಗೆಲ್ಲ ಹೇಳಿದ್ದೇನೆ ನಾನು.”

ಅವಳು ಸ್ವಲ್ಪ ದೂರದಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಕಾಲಿನ ಬೆರಳಿನಿಂದ ಮರಳು ಕೆದಕುತ್ತಿದ್ದಳು.

ಎರಡು ತಿಂಗಳು ಇವಳ ಒಂದು ಸುಳ್ಳಿಗಾಗಿ ನಾನು ಚೀಲ ಬಿಚ್ಚಿದೆ, ಬೂತಿನ ಬಾಗಿಲಲ್ಲಿ ನಿಂತೆ, ಸಾಕ್ಷಿ ಹುಡುಕಿದೆ. ಕೊನೆಗೂ ಸಿಕ್ಕಿತು. ಅವರಮ್ಮನ ಹತ್ತಿರ ನನ್ನ ಮಾನ ಉಳಿಸಲು ಹೇಳಿದ ಸುಳ್ಳು. ಯಾರೋ “ಮುಂಡುಗ ಹೇಗೆ ಮಾಡಿದ್ರಿ?” ಎಂದು ಕೇಳಿದರು. “ಅನಾನಸಿನ ಜುಟ್ಟು,” ಅಂದೆ. ಹೆಂಗಸರಿಗೆಲ್ಲ ಬಹಳ ಹಿಡಿಸಿತು.

ಅವರು ಚಿಪ್ಪು ಆರಿಸಲು ಹೋದ ಮೇಲೆ ನಾವಿಬ್ಬರೇ ಮರಳ ದಾರಿಯ ಮೇಲೆ ಉಳಿದೆವು. ಎರಡೂ ಕಡೆ ನೀರು.

“ಬನ್ನಿಮಂಟಪದ ಮನೆ ಬೇಡ ಕಣಮ್ಮ,” ಅಂದೆ. “ನಂದು ತಪ್ಪಾಯ್ತು. ಮನೆಗ್ ಬಾ.”

ಅವಳು ಮೆಲ್ಲಗೆ ಕೇಳಿದಳು: “ನಿಜಕ್ಕೂ ಕರೀತಿದ್ದೀರಾ ಅತ್ತೆ? ಇಲ್ಲಾ, ಅಮ್ಮ ಎಲ್ಲರ ಮುಂದೆ ನಿಮ್ಮನ್ನು ಹೊಗಳಿದ್ರು ಅಂತ ಕರೀತಿದ್ದೀರಾ?”

ನಿಜಕ್ಕೂ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು, ನಾನು ಅವಳನ್ನು ನೋಡುತ್ತಿದ್ದ ಹಾಗೇ. ನಂಬಲಿಲ್ಲ. ನಂಬಿಸುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಯಾರಾದರೂ ನಂಬದೆ ನೋಡಿದರೆ ಎಷ್ಟು ಸಂಕಟವಾಗುತ್ತದೆ ಎಂದು ನನಗೆ ಇವತ್ತಿನವರೆಗೆ ಗೊತ್ತಿರಲಿಲ್ಲ.

“ಬನ್ನಿ ಅತ್ತೆ, ನೀರು ಏರ್ತದೆ,” ಎಂದು ಕೈ ಹಿಡಿದುಕೊಂಡಳು. ದೋಣಿ ಹತ್ತುವವರೆಗೆ ಬಿಡಲಿಲ್ಲ.

ನವೆಂಬರ್ 14, ಭಾನುವಾರ

ಅವರು ಬನ್ನಿಮಂಟಪಕ್ಕೆ ಹೋದರು. ಜಯ ಒಮ್ಮೆ ಮಾತು ಕೊಟ್ಟರೆ ತಪ್ಪುವವನಲ್ಲ, ಅವಳೂ ಇರೋಣ ಅನ್ನಲಿಲ್ಲ. ನಾನು ಅಳಲಿಲ್ಲ, ಅಂದರೆ ಅವರ ಮುಂದೆ ಅಳಲಿಲ್ಲ. ಹಾಲು ಉಕ್ಕಿಸಲು ನನ್ನನ್ನೇ ಕರೆದಳು. ಮನೆ ಪರವಾಗಿಲ್ಲ. ಅಡುಗೆಮನೆಗೆ ಬೆಳಕು ಸಾಲದು. ಮಾಲೀಕನ ನಗು ನನಗೆ ಸರಿಕಾಣಲಿಲ್ಲ, ಜಯನಿಗೆ ಹುಷಾರಾಗಿರು ಅಂದಿದ್ದೇನೆ.

ಹೊರಡುವಾಗ ಪ್ರೇಮ ಗೇಟಿನವರೆಗೆ ಬಂದು ನನ್ನ ಕೈಯಲ್ಲಿ ಒಂದು ಬೀಗದ ಕೈ ಇಟ್ಟಳು. “ಇನ್ನೊಂದು ಜೊತೆ ನಿಮ್ಮ ಹತ್ರ ಇರ್ಲಿ ಅತ್ತೆ. ನಾವಿಲ್ಲದಾಗಲೂ ಬನ್ನಿ. ಎಂತ ಬೇಕಾದ್ರೂ ನೋಡಿ.”

ಎಂತ ಬೇಕಾದ್ರೂ ನೋಡಿ! ಗೋಣಿಚೀಲ ಬಿಚ್ಚಿದ್ದವಳ ಕೈಗೆ ಮನೆಯ ಬೀಗದ ಕೈ ಕೊಡುತ್ತಾರೆಯೇ? ಚುಚ್ಚಲು ಕೊಟ್ಟಳೋ, ನಂಬಿ ಕೊಟ್ಟಳೋ? ಬಸ್ಸಿನಲ್ಲಿ ಬರುವಾಗ ಪೂರ್ತಿ ಇದನ್ನೇ ಯೋಚಿಸಿದೆ.

ನವೆಂಬರ್ 18

ಮಧ್ಯಾಹ್ನ ಚಿಗಳಿ ಉಂಡೆ ಮಾಡಿ ಡಬ್ಬಿಗೆ ಹಾಕಿಕೊಂಡು ಬನ್ನಿಮಂಟಪಕ್ಕೆ ಹೋದೆ. ಜಯನದು ಎರಡನೇ ಶಿಫ್ಟು. ಪ್ರೇಮ ಹೊಸ ಕೆಲಸ ಕೇಳಲು ಹೋಗಿದ್ದಾಳೆ, ನಾಲ್ಕಕ್ಕೆ ಬರುತ್ತಾಳೆ ಎಂದು ನನಗೆ ಗೊತ್ತಿತ್ತು. ಮೂರಕ್ಕೇ ತಲುಪಿದೆ. ಬೀಗ ಹಾಕಿತ್ತು. ಬೀಗದ ಕೈ ಸೆರಗಿನ ಗಂಟಿನಲ್ಲಿತ್ತು.

ಜಗಲಿಯ ಮೇಲೆ ಕುಳಿತೆ. ಬಿಸಿಲು ಕಾಲಿನವರೆಗೆ ಬಂತು, ಸರಿದು ಕುಳಿತೆ. ಮಾಲೀಕನ ಹೆಂಡತಿ “ಕೀ ಇಲ್ವಾ ಅಮ್ಮ? ನನ್ ಹತ್ರ ಒಂದಿದೆ, ಕೊಡ್ಲಾ?” ಎಂದು ಕೇಳಿದಳು.

“ಇದೆ,” ಅಂದೆ. “ಮನೆಯವಳು ಬರ್ಲಿ.”